ಗಾಳಿಯಿಲ್ಲದ ಕಡೆ ಬೆಂಕಿ ಹೊತ್ತೀತೇ?

ಪ್ರಶ್ನೆ: ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಆದ್ದರಿಂದ ಅಲ್ಲಿ ಬೆಂಕಿ ಉರಿಯದು ಎಂದು ಓದಿದ್ದೇನೆ. ಹಾಗಾದರೆ ರಾಕೆಟ್ ಅಲ್ಲಿ ಉರಿಯುವುದು ಹೇಗೆ? ಸೂರ್ಯನೂ ಉರಿಯುತ್ತಿದ್ದಾನಲ್ಲ?
– ಪಿಯುಸಿ ವಿದ್ಯಾರ್ಥಿನಿ, ಪಾಂಡವಪುರ

ಉತ್ತರ: ಸೂರ್ಯನ ವಿಷಯವನ್ನು ಮೊದಲೇ ಬದಿಗಿಡೋಣ. ಅಲ್ಲಿ ಜಲಜನಕದ ನ್ಯೂಕ್ಲಿಯಸ್‌ಗಳು ಬೆಸೆದು ಹೀಲಿಯಂ ಆಗುವಾಗ ಶಕ್ತಿ ಹೊಮ್ಮುತ್ತದೆ. ಅದನ್ನು ಉರಿ ಎನ್ನುವುದು ರೂಢಿಯ ಮಾತಷ್ಟೆ. ರಾಕೆಟ್‌ನೊಳಗಿನದು ಮಾತ್ರ ನಿಜವಾದ ಬೆಂಕಿ. ಉರಿಯಲು ಬೇಕಾದ ಆಮ್ಲಜನಕ ನಮಗೆ ಗಾಳಿಯಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ರಾಕೆಟ್ ಅದನ್ನು ಬುತ್ತಿಯಂತೆ ಕಟ್ಟಿಕೊಂಡು ಹೋಗಬೇಕಾಗುತ್ತದೆ. ಇಸ್ರೊದ ಎಲ್‌ವಿಎಂ3 ವಾಹನದ ಕೊನೆಯ ಹಂತದಲ್ಲಿ ದ್ರವ ಜಲಜನಕದ ಟ್ಯಾಂಕಿನ ಜೊತೆಗೆ ದ್ರವ ಆಮ್ಲಜನಕದ ಟ್ಯಾಂಕೂ ಇರುವುದು ಈ ಕಾರಣಕ್ಕೇ.

ಇದಕ್ಕಿಂತ ಕುತೂಹಲಕರವಾದದ್ದು, ಭೂಮಿಯ ಮೇಲಿರುವಂಥದೇ ಗಾಳಿಯನ್ನು ತುಂಬಿದ ಬಾಹ್ಯಾಕಾಶ ನಿಲ್ದಾಣದೊಳಗಿನ ಬೆಂಕಿ. ನಿಮ್ಮ ಸೀಮೆಯ ಆಲೆಮನೆಯನ್ನೇ ನೋಡಿ: ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿದಾಗ ಬಿಸಿಗಾಳಿ ಹಗುರಾಗಿ ಚಿಮಣಿಯಲ್ಲಿ ಮೇಲೇರುತ್ತದೆ, ತೆರವಾದ ಜಾಗಕ್ಕೆ ಒಲೆಯ ಬಾಯಿಂದ ತಣ್ಣನೆಯ ಹೊಸ ಗಾಳಿ ನುಗ್ಗುತ್ತದೆ, ಹೀಗೆ ಬೆಂಕಿಯು ತನಗೆ ಬೇಕಾದ ಆಮ್ಲಜನಕವನ್ನು ತಾನೇ ಸೆಳೆದುಕೊಳ್ಳುತ್ತದೆ. ಸುಮಾರು 400 ಕಿ.ಮೀ. ಎತ್ತರದ ನಿಲ್ದಾಣದಲ್ಲಿ ಈ ಸೆಳೆತ ನಡೆಯದು. ಅಲ್ಲಿ ಗುರುತ್ವವೇ ಇಲ್ಲವೆಂಬುದು ತಪ್ಪು ತಿಳಿವಳಿಕೆ, ನೆಲದಲ್ಲಿರುವುದರ ಶೇ 90ರಷ್ಟು ಅಲ್ಲಿಯೂ ಇದೆ. ಆದರೆ ನಿಲ್ದಾಣವೂ ಅದರೊಳಗಿನ ಗಾಳಿಯೂ ಒಟ್ಟಿಗೇ ಭೂಮಿಯತ್ತ ಬೀಳುತ್ತಾ ಸುತ್ತುವುದರಿಂದ ಬಿಸಿಗಾಳಿ ಏರುವುದಕ್ಕೆ ‘ಮೇಲು’ ಎಂಬುದೇ ಇರುವುದಿಲ್ಲ. ಹಾಗಾಗಿ ಅಲ್ಲಿ ಹಚ್ಚಿದ ಮೇಣದಬತ್ತಿಯ ಜ್ವಾಲೆ ಮೊನಚಾಗದೆ ಗುಂಡಗೆ ನಿಲ್ಲುತ್ತದೆ. ಹಳದಿ ಬಣ್ಣ ಕೊಡುವ ಮಸಿಯ ಕಣಗಳು ಹೆಚ್ಚು ಹುಟ್ಟದ ಕಾರಣ ಅದು ಮಂದವಾದ ನೀಲಿಯಾಗಿ ಕಾಣುತ್ತದೆ, ಆಮ್ಲಜನಕ ನಿಧಾನವಾಗಿ ಹರಡಿಕೊಂಡು ಬಂದಷ್ಟೇ ಉರಿಯುತ್ತದೆ.

ಹಾಗೆಂದು ಅದು ಸಾಧು ಬೆಂಕಿಯೇನಲ್ಲ. ಗಗನಯಾತ್ರಿಗಳ ಉಸಿರಾಟಕ್ಕಾಗಿ ಫ್ಯಾನುಗಳು ಸದಾ ಗಾಳಿಯಾಡಿಸುತ್ತಿರುತ್ತವೆ, ಆ ಗಾಳಿಯೇ ಬೆಂಕಿಗೂ ಊಟ. ಆದ್ದರಿಂದ ನಿಲ್ದಾಣದಲ್ಲಿ ಹೊಗೆ ಪತ್ತೆಯಾದೊಡನೆ ಮೊದಲು ಫ್ಯಾನುಗಳನ್ನು ನಿಲ್ಲಿಸಲಾಗುತ್ತದೆ. ಈ ಉಪಾಯವೂ ಸಾಲದೆ ಹೋಗುವ ಸಂದರ್ಭವುಂಟು. 1997ರ ಫೆಬ್ರುವರಿಯಲ್ಲಿ ರಷ್ಯಾದ ಮಿರ್ ನಿಲ್ದಾಣದಲ್ಲಿ ಆರು ಮಂದಿಯಿದ್ದಾಗ ಹೊತ್ತಿಕೊಂಡದ್ದು, ಉಸಿರಾಟಕ್ಕೆ ಆಮ್ಲಜನಕ ಒದಗಿಸುವ ಲಿಥಿಯಂ ಪರ್ಕ್ಲೋರೇಟಿನ ಡಬ್ಬಿ. ರಾಕೆಟ್‌ನಂತೆಯೇ ಅದರ ಬುತ್ತಿಯೂ ಅದರೊಳಗೇ ಇತ್ತು.