ಹುಡುಗ ಮತಾಂತರವಾಗದೆ ಚರ್ಚಿನಲ್ಲಿ ಮದುವೆ ಸಾಧ್ಯವೇ? – ಪ್ರತಿಕ್ರಿಯೆ

ಕಥೋಲಿಕರಾದ ನೀವು ಹಿಂದೂ ಹುಡುಗನನ್ನು, ಆತ ಮತಾಂತರವಾಗದೆ, ಚರ್ಚಿನಲ್ಲಿ ಮದುವೆಯಾಗಬಹುದೇ ಎಂದು ಕೇಳಿದ್ದೀರಿ. ನಿಮ್ಮ ವಿಗಾರರು (ಚರ್ಚಿನ ಪಾದ್ರಿಗಳು) “ಈಗ ಆಗುವುದಿಲ್ಲ” ಎಂದದ್ದು ಬಹುಶಃ ಬಿಷಪರ ವಿನಾಯಿತಿ ಇನ್ನೂ ಇಲ್ಲವೆಂಬ ಕಾರಣಕ್ಕೆ. ಹಿಂದೂ ಹುಡುಗ ಮತಾಂತರವಾಗಲೇಬೇಕೆಂಬ ನಿಯಮವಿಲ್ಲ. ಜ್ಞಾನಸ್ನಾನ (ಕ್ರೈಸ್ತ ದೀಕ್ಷೆ) ಪಡೆಯದವರನ್ನು ಕಥೋಲಿಕರು ಮದುವೆಯಾಗುವುದಕ್ಕೆ ಚರ್ಚ್ ಕಾನೂನಿನ 1086ನೇ ವಿಧಿ ಅಡ್ಡಿಯಾಗಿದೆ. ಆ ಅಡ್ಡಿಯನ್ನು ಬಿಷಪರು ತೆಗೆಯಬಲ್ಲರು; ಅದೇ ವಿನಾಯಿತಿ. ನನ್ನ ತಂಗಿಗೂ ಹೀಗೆಯೇ ಸಿಕ್ಕಿತು.

ಇಬ್ಬರೂ ಒಟ್ಟಿಗೆ ವಿಗಾರರನ್ನು ಕಾಣಿರಿ. ನಿಮ್ಮ ಜ್ಞಾನಸ್ನಾನದ ಪ್ರಮಾಣಪತ್ರವನ್ನು ಹೊಸದಾಗಿ ತೆಗೆಸಿಕೊಳ್ಳಿ. ಹುಡುಗ ಅವಿವಾಹಿತನೆಂಬುದಕ್ಕೆ ಯಾವ ದಾಖಲೆ ಬೇಕೆಂದು ಅಲ್ಲಿಯೇ ಕೇಳಿ. ವಿನಾಯಿತಿಯ ಅರ್ಜಿಯನ್ನು ವಿಗಾರರೇ ಮಂಗಳೂರಿನ ಬಿಷಪರಿಗೆ ಕಳುಹಿಸುತ್ತಾರೆ. ನಾವು ಕೇರಳದಲ್ಲಿದ್ದರೂ ಕಾಸರಗೋಡಿನ ನಮ್ಮ ಕೊಂಕಣಿ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ (ಅಲ್ಲಿನ ಬಿಷಪರ ವ್ಯಾಪ್ತಿಗೆ) ಸೇರಿದವು.

ಮಾತು ಕೊಡಬೇಕಾದವರು ನೀವು: ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ಕೈಲಾದುದೆಲ್ಲವನ್ನೂ ಮಾಡುತ್ತೇನೆ ಎಂದು. ಹುಡುಗ ಆ ಮಾತು ಕೊಡಬೇಕಿಲ್ಲ, ಆದರೆ ಅದು ಆತನಿಗೆ ಪೂರ್ತಿಯಾಗಿ ತಿಳಿದಿರಲೇಬೇಕು. ದಯವಿಟ್ಟು ಆತನ ತಂದೆತಾಯಿಗೂ ಈಗಲೇ ಹೇಳಿ. ನಾನು ಕಂಡ ಮನೆಗಳಲ್ಲಿ ಜಗಳ ಹೊತ್ತಿಕೊಂಡದ್ದು ಮದುವೆಯ ದಿನವಲ್ಲ, ಮೊದಲ ಮಗುವಿಗೆ ಹೆಸರಿಡುವಾಗ. ಬಚ್ಚಿಟ್ಟು ಮದುವೆಯಾಗುವುದು ಆ ಹುಡುಗನಿಗೆ ಮಾಡುವ ಅನ್ಯಾಯ.

ವಿನಾಯಿತಿಗೆ ಎಷ್ಟು ಕಾಲ ಹಿಡಿಯುತ್ತದೆಂದು ಖಚಿತವಾಗಿ ಹೇಳಲಾರೆ. ಆದ್ದರಿಂದ ಅದು ಕೈಗೆ ಬಂದ ಮೇಲೆಯೇ ಸಭಾಂಗಣಕ್ಕೆ ಮುಂಗಡ ಕೊಡಿ.

ಅವಸರದಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಸರ್ಕಾರಿ ನೋಂದಣಿಯೊಂದನ್ನೇ ಮಾಡಿಸಿ ಸುಮ್ಮನಾಗಬೇಡಿ. 30 ದಿನಗಳ ನೋಟಿಸಿನ ನಂತರ ಆಗುವ ಆ ಮದುವೆ ಸರ್ಕಾರಕ್ಕೆ ಸಾಕು, ಚರ್ಚಿಗೆ ಸಾಲದು. ಮೊದಲು ವಿಗಾರರ ಬಳಿಗೆ ಹೋಗಿ.