ಮೊದಲ ಮೌಂಟನ್ ಸೈಕಲ್ ಹಾರ್ಡ್‌ಟೇಲ್ ಆಗಿರಲೋ, ಫುಲ್ ಸಸ್ಪೆನ್ಷನ್ ಆಗಿರಲೋ?

ವಾರಕ್ಕೆ ಎರಡು ದಿನ ಕಾಡುದಾರಿ, ಉಳಿದ ದಿನ ಡಾಂಬರು ರಸ್ತೆ, ಒಂದೇ ಬೆಲೆಗೆ ಎರಡೂ ಬಗೆಯ ಸೈಕಲ್ ಸಿಗುತ್ತಿವೆ, ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ಪೆಟ್ಟು ನುಂಗುವ ಸಸ್ಪೆನ್ಷನ್ ಮುಂದಿನ ಚಕ್ರಕ್ಕೆ ಮಾತ್ರ ಇದ್ದರೆ ಹಾರ್ಡ್‌ಟೇಲ್, ಎರಡೂ ಚಕ್ರಕ್ಕೆ ಇದ್ದರೆ ಫುಲ್ ಸಸ್ಪೆನ್ಷನ್. ಹಾರ್ಡ್‌ಟೇಲ್ ಕೊಳ್ಳಿ. ನಾಲ್ಕು ವರ್ಷ ಹಾರ್ಡ್‌ಟೇಲ್ ತುಳಿದ ಮೇಲೆ, ಈಗ ಮೂರು ವರ್ಷದಿಂದ ಹೆಚ್ಚಾಗಿ ಫುಲ್ ಸಸ್ಪೆನ್ಷನ್ ತುಳಿಯುತ್ತಿರುವ ನಾನೇ ಇದನ್ನು ಹೇಳುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿರುವ ‘ಒಂದೇ ಬೆಲೆಗೆ’ ಎಂಬ ಮಾತು ನನಗೆ ಉಳಿದೆಲ್ಲಕ್ಕಿಂತ ಮುಖ್ಯವಾಗಿ ಕಂಡಿತು.

ಹಿಂದಿನ ಚಕ್ರ ಮೇಲೆ ಕೆಳಗೆ ಆಡಬೇಕಾದರೆ ಚೌಕಟ್ಟಿನಲ್ಲಿ ಕೀಲುಗಳು ಬೇಕು, ಕೀಲಿಗೊಂದು ಬೇರಿಂಗ್ ಬೇಕು, ನಡುವೆ ಪೆಟ್ಟು ನುಂಗುವ ಒಂದು ಶಾಕ್ ಬೇಕು. ಇದಕ್ಕೆಲ್ಲ ಹೋದ ಹಣವನ್ನು ತಯಾರಕರು ಫೋರ್ಕ್ (ಮುಂದಿನ ಚಕ್ರವನ್ನು ಹಿಡಿಯುವ ಕವಲು), ಬ್ರೇಕ್, ಗೇರ್, ಚಕ್ರಗಳಲ್ಲಿ ಉಳಿಸುತ್ತಾರೆ. ತೀರಾ ಅಗ್ಗದ ಸೈಕಲ್‌ಗಳಲ್ಲಿ ಶಾಕ್ ಎಂದು ಇರುವುದು ಬರೀ ಸ್ಪ್ರಿಂಗ್. ಸ್ಪ್ರಿಂಗ್ ಪೆಟ್ಟನ್ನು ನುಂಗುತ್ತದೆ, ಆದರೆ ನುಂಗಿದ್ದನ್ನು ಅಷ್ಟೇ ರಭಸದಿಂದ ಹಿಂದಕ್ಕೆ ಕೊಡುತ್ತದೆ. ಆ ರಭಸವನ್ನು ತಗ್ಗಿಸಬೇಕಾದದ್ದು ಸಣ್ಣ ರಂಧ್ರಗಳ ಮೂಲಕ ಹಾಯುವ ಎಣ್ಣೆ. ಅದನ್ನೇ ಡ್ಯಾಂಪಿಂಗ್ ಎನ್ನುತ್ತಾರೆ. ಅದಿಲ್ಲದಿದ್ದರೆ ಕಲ್ಲು ದಾಟಿದ ಮರುಕ್ಷಣ ಸೀಟು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಸೀಟಿನ ಮೇಲೆ ಭಾರ ಹಾಕಿ ಒತ್ತಿ, ಥಟ್ಟನೆ ಬಿಡಿ. ಒಳ್ಳೆಯ ಶಾಕ್ ಒಮ್ಮೆ ಮೇಲೆದ್ದು ನಿಲ್ಲುತ್ತದೆ. ಎರಡು ಮೂರು ಸಲ ಕುಣಿದರೆ ಆ ಸೈಕಲನ್ನು ಅಲ್ಲೇ ಬಿಟ್ಟು ಬನ್ನಿ.

ಇಷ್ಟು ಹೇಳಿದ ಮೇಲೆ ಫುಲ್ ಸಸ್ಪೆನ್ಷನ್‌ನ ನಿಜವಾದ ಗುಣವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೈ ನೋಯುವುದಿಲ್ಲ ಎಂಬುದು ಅದರ ಸಣ್ಣ ಉಪಕಾರ. ದೊಡ್ಡ ಉಪಕಾರವೆಂದರೆ ನೆಲದ ಹಿಡಿತ. ನಾನು ಹೋಗುವ ದಾರಿಯಲ್ಲೊಂದು ಕಡಿದಾದ ಏರು, ಅದರ ನಡುವೆ ಅಡ್ಡಡ್ಡ ಹರಡಿದ ಬೇರುಗಳು. ಹಾರ್ಡ್‌ಟೇಲ್‌ನಲ್ಲಿ ಮೂರನೆಯ ಬೇರಿಗೆ ಬಡಿದೊಡನೆ ಹಿಂದಿನ ಚಕ್ರ ನೆಲ ಬಿಟ್ಟು ಸುಮ್ಮನೆ ಗಿರಕಿ ಹೊಡೆಯುತ್ತಿತ್ತು, ನಾನು ಕಾಲೂರುತ್ತಿದ್ದೆ. ಫುಲ್ ಸಸ್ಪೆನ್ಷನ್‌ನಲ್ಲಿ ಮೊದಲ ದಿನವೇ ಚಕ್ರ ಬೇರನ್ನು ಸವರಿಕೊಂಡು ಹತ್ತಿಬಿಟ್ಟಿತು. ಇಳಿಯುವಾಗಲೂ ಅಷ್ಟೇ. ಗಾಳಿಯಲ್ಲಿರುವ ಚಕ್ರಕ್ಕೆ ಎಷ್ಟು ಬ್ರೇಕ್ ಹಿಡಿದರೂ ಪ್ರಯೋಜನವಿಲ್ಲ, ನೆಲಕ್ಕಂಟಿದ ಚಕ್ರ ನಿಲ್ಲುತ್ತದೆ.

ಆದರೂ 2012ರ ಲಂಡನ್ ಒಲಿಂಪಿಕ್ಸ್ ನೆನಪಾಗುತ್ತದೆ. ಮೌಂಟನ್ ಸೈಕಲ್‌ಗಳ ಕ್ರಾಸ್ ಕಂಟ್ರಿ ಸ್ಪರ್ಧೆಯಲ್ಲಿ ಯಾರೊಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್ ತುಳಿದು ಚಿನ್ನ ಗೆದ್ದರು. ಹಾರ್ಡ್‌ಟೇಲ್ ತುಳಿದ ನಿನೋ ಶುರ್ಟರ್ ಎರಡನೆಯವರು. ಸುಮಾರು ಒಂದೂವರೆ ಗಂಟೆಯ ಓಟದ ಕೊನೆಗೆ ಅಂತರ 1 ಸೆಕೆಂಡ್! 2016ರಲ್ಲಿ ಶುರ್ಟರ್ ಚಿನ್ನ ಗೆದ್ದಾಗ ಅವರೂ ಫುಲ್ ಸಸ್ಪೆನ್ಷನ್‌ಗೆ ಬಂದಿದ್ದರು, ನಿಜ. ಆದರೆ ಅವೆಲ್ಲ ಹಗುರವಾದ, ಅತಿ ದುಬಾರಿ ಸೈಕಲ್‌ಗಳು. ನಮ್ಮ ಕೈಗೆ ಸಿಗುವವುಗಳಲ್ಲಿ ಹಿಂದಿನ ಸಸ್ಪೆನ್ಷನ್ ಒಂದೂವರೆ ಎರಡು ಕಿಲೋ ಭಾರ ಕೂಡಿಸುತ್ತದೆ. ನೀವು ಐದು ದಿನ ಡಾಂಬರಿನ ಮೇಲೆ ಆ ಭಾರವನ್ನು ಹೊರುತ್ತೀರಿ.

ಆರೈಕೆಯ ಮಾತೂ ಇದೆ. ಗಾಳಿ ಶಾಕ್, ಅಂದರೆ ಸ್ಪ್ರಿಂಗ್ ಬದಲು ಒತ್ತಿ ತುಂಬಿದ ಗಾಳಿ ಇರುವ ಶಾಕ್, ಸುಮಾರು 50 ಗಂಟೆ ಓಡಿದೊಡನೆ ಬಿಚ್ಚಿ ಸೀಲು ಒರೆಸಿ ಎಣ್ಣೆ ಹಾಕಬೇಕು. ಕೆಸರು ಕುಡಿದ ಕೀಲುಗಳು ಒಂದು ದಿನ ಪ್ರತಿ ಪೆಡಲಿಗೂ ಕಿರ್ರೆನ್ನತೊಡಗುತ್ತವೆ, ಸದ್ದು ಯಾವ ಕೀಲಿನದೆಂದು ಹುಡುಕುವುದರಲ್ಲೇ ನನ್ನ ಒಂದು ಇಡೀ ಭಾನುವಾರ ಕಳೆದಿದೆ.

ಹಾರ್ಡ್‌ಟೇಲ್ ಆರಿಸುವಾಗ 120 ಮಿಲಿಮೀಟರ್ ಆಡುವ ಗಾಳಿ ಫೋರ್ಕ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್, 2.4 ಇಂಚಿನ ಟೈರ್ ಕೂರುವಷ್ಟು ಜಾಗ, ಇಷ್ಟನ್ನು ಬಿಟ್ಟುಕೊಡಬೇಡಿ. ಟೈರನ್ನು ಟ್ಯೂಬ್‌ಲೆಸ್ ಮಾಡಿಸಿ. ಟ್ಯೂಬ್ ಇದ್ದಾಗ ಪಂಕ್ಚರ್ ಭಯಕ್ಕೆ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬುತ್ತಿದ್ದ ನಾನು, ಟ್ಯೂಬ್ ತೆಗೆಸಿ 25ಕ್ಕೆ ಇಳಿಸಿದ ದಿನ ಬೇರೆಯದೇ ಸೈಕಲ್ ಹತ್ತಿದಂತಾಯಿತು. ಹಿಂದೆ ಶಾಕ್ ಇಲ್ಲದ ಸೈಕಲ್‌ಗೆ ಆ ಗಾಳಿಯೇ ಶಾಕ್. ಉಳಿದದ್ದನ್ನು ನಿಮ್ಮ ಮೊಣಕಾಲು, ಮೊಣಕೈ ಕಲಿಯುತ್ತವೆ.

ಬೆನ್ನುನೋವಿದ್ದರೆ ಅಥವಾ ನಿಮ್ಮ ಕಾಡುದಾರಿ ಉದ್ದಕ್ಕೂ ಬಂಡೆಗಲ್ಲಿನ ಇಳಿಜಾರಾಗಿದ್ದರೆ ಮಾತ್ರ ನನ್ನ ಉತ್ತರ ಬದಲಾಗುತ್ತದೆ. ಆಗಲೂ ಹೊಸ ಅಗ್ಗದ್ದನ್ನು ಕೊಳ್ಳುವ ಬದಲು, ಚೆನ್ನಾಗಿ ನೋಡಿಕೊಂಡ ಹಳೆಯ ಒಳ್ಳೆಯ ಫುಲ್ ಸಸ್ಪೆನ್ಷನ್ ಹುಡುಕಿ. ನೋಡಲು ಹೋದಾಗ ಸೀಟನ್ನು ಹಿಡಿದು ಮೆಲ್ಲಗೆ ಮೇಲೆತ್ತಿ. ಚಕ್ರ ನೆಲ ಬಿಡುವ ಮೊದಲೇ ಚೌಕಟ್ಟು ಕೂದಲೆಳೆಯಷ್ಟು ಸಡಿಲಾಗಿ ‘ಟಕ್’ ಎಂದರೆ ಕೀಲು ಸವೆದಿದೆ ಎಂದರ್ಥ. ಬೇರಿಂಗ್ ಬದಲಿಸುವ ಖರ್ಚನ್ನು ಕಳೆದು ಬೆಲೆ ಮಾತಾಡಿ.