ಐದು ಚೆಂಡು ಮಲ್ಲಿಗೆ ಎಲ್ಲಿ ಹೋಯಿತು?

(ಅವಳ ಒಪ್ಪಿಗೆ ಪಡೆದು ಬರೆದದ್ದು. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.)

ಮಳೆ ಹಿಡಿದ ವಾರ ಉಡುಪಿಯ ನನ್ನ ಆಪ್ತಸಲಹೆಯ ಕೋಣೆಗೆ ಬಂದ ಹುಡುಗಿಗೆ 23 ವರ್ಷ. ಬಿಎಸ್ಸಿ ಆಗಿದೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಲ್ಯಾಪ್‌ಟಾಪ್ ತೆರೆದರೆ ಹೊಟ್ಟೆ ತೊಳಸುತ್ತದೆ. ಕೂತು ಹತ್ತು ನಿಮಿಷವಾದರೂ ಒದ್ದೆ ಕೊಡೆಯನ್ನು ಕೈಯಿಂದ ಬಿಟ್ಟಿರಲಿಲ್ಲ.

"ನಂಗೆ ಕೋಡಿಂಗ್ ತಲೆಗೇ ಹೋಗುದಿಲ್ಲ ಮೇಡಂ. ವಿಡಿಯೋ ನೋಡ್ತಾ ಮಾಡಿದ್ರೆ ಎಲ್ಲ ಬರ್ತದೆ. ಬಂದ್ ಮಾಡಿದ ಕೂಡ್ಲೇ ಎಂತದೂ ಇಲ್ಲ."

ಮಂಗಳೂರಿನ ಒಂದು ಕಡೆ ಆರು ತಿಂಗಳ ಫುಲ್‌ಸ್ಟ್ಯಾಕ್ ಕೋರ್ಸ್ ಮಾಡಿದ್ದಳು, ಅಂದರೆ ವೆಬ್‌ಸೈಟನ್ನು ಕಾಣುವ ಪುಟದಿಂದ ಹಿಂದಿನ ಡೇಟಾಬೇಸ್‌ವರೆಗೆ ಪೂರ್ತಿ ಕಟ್ಟುವುದು. ಫೀಸಿಗಾಗಿ ಅಮ್ಮನ ಬಳೆ ಸೊಸೈಟಿಯಲ್ಲಿ ಅಡವು. ಎಚ್‌ಟಿಎಂಎಲ್ ಆಯಿತು, ಸಿಎಸ್‌ಎಸ್ ಆಯಿತು, ಜಾವಾಸ್ಕ್ರಿಪ್ಟ್ ಕಾಲೂರುವ ಮೊದಲೇ ಪುಟ ಕಟ್ಟುವ ರಿಯಾಕ್ಟ್, ಅದರ ಬೆನ್ನಿಗೇ ಸರ್ವರ್ ಬದಿಯ ನೋಡ್, ಕೊನೆಯ ಎರಡು ವಾರ ಡೇಟಾಬೇಸ್. ಸರ್ಟಿಫಿಕೇಟ್ ಸಿಕ್ಕಿತು, ಮೂರು ಇಂಟರ್‌ವ್ಯೂ ಕೈಬಿಟ್ಟವು. ಆಮೇಲೆ ಮನೆಯಲ್ಲಿ ಒಂದು ಸುಳ್ಳು: ಕೆಲಸ ಸಿಕ್ಕಿದೆ, ವರ್ಕ್ ಫ್ರಮ್ ಹೋಮ್. ಮೊದಲ ತಿಂಗಳ 'ಸಂಬಳ'ವನ್ನು ಗೆಳತಿಯ ಹತ್ತಿರ ಸಾಲ ಮಾಡಿ ಅಮ್ಮನ ಕೈಗಿಟ್ಟಿದ್ದಳು.

ಸಾಯುವ ಯೋಚನೆ ಬಂದದ್ದುಂಟಾ ಎಂದು ನೇರವಾಗಿ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. ಇಲ್ಲ ಎಂದಳು. ಆದರೂ ಅಪರಾತ್ರಿಯಲ್ಲಿ ಬೇಕಾದೀತೆಂದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ಎರಡು ವಾರದಲ್ಲಿ ನಿದ್ದೆ ಹಳಿಗೆ ಬರದಿದ್ದರೆ ಮನೋವೈದ್ಯರನ್ನು ಕಾಣುವುದೆಂದೂ ಆಗಲೇ ಮಾತಾಡಿಕೊಂಡೆವು. ಆ ಅಗತ್ಯ ಬೀಳಲಿಲ್ಲ.

ಈ ಕೆಲಸಕ್ಕೆ ಬರುವ ಮೊದಲು ನಾನು ಕಾಲೇಜಿನಲ್ಲಿ ಡೇಟಾಬೇಸ್ ಪಾಠ ಮಾಡಿದವಳು. ಹಾಗಾಗಿ ಎರಡನೆಯ ಭೇಟಿಯಲ್ಲಿ ಲ್ಯಾಪ್‌ಟಾಪ್ ತರಿಸಿದೆ. ಸಲಹೆಯ ಕೋಣೆಯಲ್ಲಿ ಇದು ಕ್ರಮವಲ್ಲ. ನನಗೆ ತರಬೇತಿ ಕೊಟ್ಟವರು ನೋಡಿದ್ದರೆ ಖಂಡಿತ ಬೈಯುತ್ತಿದ್ದರು. ಅವಳದೇ ಒಂದು ಫಾರ್ಮ್ ತೆರೆಸಿ, "ಈ ಬಟನ್ ಒತ್ತಿದ ಮೇಲೆ ನೀನು ಬರೆದದ್ದು ಎಲ್ಲಿಗೆ ಹೋಗ್ತದೆ?" ಎಂದು ಕೇಳಿದೆ.

"ಸೇವ್ ಆಗ್ತದೆ."

"ಎಲ್ಲಿ?"

ಉತ್ತರ ಬರಲಿಲ್ಲ. ಆ ಕೋರ್ಸಿನ ಮೇಲೆ ಹದಿನಾಲ್ಕು ವಿಡಿಯೋ ಕೋರ್ಸ್ ಬೇರೆ ನೋಡಿದ ಹುಡುಗಿಗೆ ಒಂದು ಅಕ್ಷರ ಬ್ರೌಸರ್‌ನಿಂದ ಹೊರಟು, ಸರ್ವರ್ ಹೊಕ್ಕು, ಟೇಬಲ್‌ನ ಒಂದು ಸಾಲಾಗಿ ಕೂರುವ ದಾರಿಯನ್ನು ಯಾರೂ ಒಮ್ಮೆಯೂ ತೋರಿಸಿರಲಿಲ್ಲ. ಇದನ್ನು ಅವಳ ದಡ್ಡತನ ಎನ್ನಲು ನಾನು ತಯಾರಿಲ್ಲ. ವಿಡಿಯೋದಲ್ಲಿ ಕಲಿಸುವವನು ಎಡವುವುದೇ ಇಲ್ಲ, ಎಡವಿದ್ದನ್ನು ಕತ್ತರಿಸಿ ಹಾಕುತ್ತಾನೆ. ನೋಡುವವಳಿಗೆ ತಪ್ಪು ಎಂದರೆ ತನ್ನೊಬ್ಬಳ ಮನೆಯಲ್ಲಿ ಆಗುವಂಥದ್ದು, ಮುಚ್ಚಿಡಬೇಕಾದದ್ದು. ಅಮ್ಮನ ಹತ್ತಿರವೂ ಅವಳು ಅದನ್ನೇ ಮಾಡಿದ್ದಳು.

ಎಫ್12 ಒತ್ತಿ, ಬ್ರೌಸರ್ ಏನು ಕಳಿಸಿತು, ಏನು ಬಂತು ಎಂದು ತೋರಿಸುವ ನೆಟ್‌ವರ್ಕ್ ಟ್ಯಾಬ್ ತೆರೆದೆವು. ಬಟನ್ ಒತ್ತಿದಾಗ ವಿನಂತಿ ಹೊರಟದ್ದು ಕಂಡಿತು, ಸರ್ವರ್ 200, ಅಂದರೆ 'ಸರಿ', ಎಂದು ಮರುನುಡಿದದ್ದೂ ಕಂಡಿತು. ವಿನಂತಿಯ ಜೊತೆ ಹೋಗಬೇಕಾದ ಮಾಹಿತಿ, ಪೇಲೋಡ್, ಮಾತ್ರ ಖಾಲಿ. ಫಾರ್ಮ್‌ನ ಖಾನೆಗೆ (ಇನ್‌ಪುಟ್) ಐಡಿ ಕೊಟ್ಟಿದ್ದಾಳೆ, ನೇಮ್ ಕೊಟ್ಟಿಲ್ಲ. ಫಾರ್ಮ್ ಕಳಿಸುವಾಗ ನೇಮ್ ಇಲ್ಲದ ಖಾನೆಯನ್ನು ಬ್ರೌಸರ್ ಕಳಿಸುವುದೇ ಇಲ್ಲ. ಒಂದು ಪದ ಸೇರಿಸಿದಳು, ಹೋಯಿತು. "ಇಷ್ಟೇಯಾ? ಇದಕ್ಕೆ ನಾನು ಎರಡು ವಾರ ಅತ್ತಿದ್ದೇನೆ" ಎಂದಳು. ಅಂದು ಮೊದಲ ಸಲ ಕೊಡೆಯನ್ನು ಗೋಡೆಗೆ ಒರಗಿಸಿಟ್ಟಳು.

ಕೊಟ್ಟ ಸಲಹೆ ಎರಡೇ. ಮೊದಲನೆಯದು, ಅಮ್ಮನಿಗೆ ನಿಜ ಹೇಳುವುದು. ಯಾವ ಮಾತಿನಿಂದ ಶುರುಮಾಡುವುದೆಂದು ಕೋಣೆಯಲ್ಲೇ ಮೂರು ಸಲ ಹೇಳಿಸಿದೆ. ಎರಡನೆಯದು, ಆರು ತಿಂಗಳು ಹೊಸ ಕೋರ್ಸ್ ಬೇಡ. ಮನೆಯಲ್ಲಿ ನಿಜವಾಗಿ ಬೇಕಾದ ಒಂದು ಸಣ್ಣ ಲೆಕ್ಕವನ್ನು ಬ್ರೌಸರ್‌ನಿಂದ ಡೇಟಾಬೇಸ್‌ವರೆಗೆ ತಾನೇ ಮುಟ್ಟಿಸಬೇಕು. ರಿಯಾಕ್ಟ್ ಸದ್ಯ ಅಟ್ಟಕ್ಕೆ. ಬರಿಯ ಎಚ್‌ಟಿಎಂಎಲ್ ಫಾರ್ಮ್, ಸರ್ವರ್‌ಗೆ ನೋಡ್‌ನಲ್ಲಿ ಎಕ್ಸ್‌ಪ್ರೆಸ್, ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್. ಎಸ್‌ಕ್ಯೂಲೈಟ್‌ಗೆ ಬೇರೆ ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು. ಕೆಟ್ಟರೆ ಹುಡುಕುವ ಕ್ರಮವೂ ಒಂದೇ. ವಿನಂತಿ ಹೊರಟಿತಾ? 404 ('ಸಿಗಲಿಲ್ಲ') ಬಂದರೆ ವಿಳಾಸ ನೋಡು, 500 ('ಸರ್ವರ್‌ನಲ್ಲೇ ತಪ್ಪು') ಬಂದರೆ ಸರ್ವರ್ ಓಡುತ್ತಿರುವ ಟರ್ಮಿನಲ್ ಕಿಟಕಿ ನೋಡು. 200 ಬಂದೂ ಸಾಲು ಕಾಣದಿದ್ದರೆ ಡೇಟಾಬೇಸ್‌ನಿಂದ ಸಾಲು ತೆಗೆಯುವ ಸೆಲೆಕ್ಟ್ ಆಜ್ಞೆ ಬರೆದು ಟೇಬಲನ್ನೇ ಕೇಳು. ಎಐಯನ್ನು ಕೇಳಬಾರದೆಂದು ನಾನು ಹೇಳಲಿಲ್ಲ. ಹೇಳಿದರೆ ಯಾರು ಕೇಳ್ತಾರೆ? ತಪ್ಪು ಎಲ್ಲಿರಬಹುದೆಂದು ನಿನ್ನ ಊಹೆಯನ್ನು ಕಾಗದದಲ್ಲಿ ಬರೆದ ಮೇಲೆ ಕೇಳು ಎಂದೆ.

ಲೆಕ್ಕ ಯಾವುದೆಂದು ಹುಡುಕಬೇಕಾಗಲಿಲ್ಲ. ಅಮ್ಮ ಶಂಕರಪುರ ಮಲ್ಲಿಗೆ ಬೆಳೆಯುವವರು. ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಿ ಕೊಡುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೆ ಬದಲು, ಮದುವೆಯ ದಿನಗಳಲ್ಲಿ ಮೇಲೆ ಹಾರುತ್ತದೆ. ದುಡ್ಡು ಕೈಗೆ ಬರುವುದು ತಡವಾಗಿ. ಅದೆಲ್ಲ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ.

ಭಾನುವಾರ ಹೂ ಕಟ್ಟುತ್ತಾ ನಿಜ ಹೇಳಿದಳಂತೆ. ಅಮ್ಮ ಮೂರು ದಿನ ಮಾತು ಬಿಟ್ಟರು. ಆ ಮೂರು ದಿನ ನನಗೂ ಸಮಾಧಾನ ಇರಲಿಲ್ಲ. ನಾಲ್ಕನೆಯ ದಿನ, "ಗೆಳತಿಯ ದುಡ್ಡು ಯಾವಾಗ ಕೊಡ್ತಿ?" ಎಂದು ಕೇಳಿದರು. ಬೈಗುಳ ಆಮೇಲೆ ಬಂತು, ಧಾರಾಳವಾಗಿ.

ಅಪ್ಲಿಕೇಶನ್ನಿನಲ್ಲಿ ನಿಜವಾದ ಪಾಠ ಕಲಿಸಿದ್ದು ಅಮ್ಮನೇ. ಮಗಳು ಒಂದೂಕಾಲು ಅಟ್ಟೆಯನ್ನು 1.25 ಎಂದು ಬರೆಸುತ್ತಿದ್ದಳು. "ಅದೆಂತ ಲೆಕ್ಕ? ಐದು ಚೆಂಡು ಅಂತ ಬರಿ" ಎಂದರು. ಅಲ್ಲಿಗೆ ಟೇಬಲ್‌ನಲ್ಲಿ ದಶಮಾಂಶ ಹೋಗಿ ಪೂರ್ಣಾಂಕ ಬಂತು. ಹಣವನ್ನೂ ಪೈಸೆಯಲ್ಲಿ ಇಟ್ಟಳು. ನಾನು ಕಾಲೇಜಿನಲ್ಲಿ ಒಂದು ತರಗತಿ ಪೂರ್ತಿ ಹೇಳುತ್ತಿದ್ದದ್ದು ಇದನ್ನೇ.

ಇನ್ನೊಂದು ದೊಡ್ಡದು. ದರವನ್ನು ಅವಳು ಒಂದೇ ಜಾಗದಲ್ಲಿ ಇಟ್ಟಿದ್ದಳು. ಗುರುವಾರ ದರ ತಿದ್ದಿದಾಗ ಇಡೀ ತಿಂಗಳ ಮೊತ್ತವೇ ಬದಲಾಯಿತು. ಅಮ್ಮ ನೋಟ್‌ಬುಕ್ ತಂದಿಟ್ಟು, "ಮೊನ್ನೆ ಕೊಟ್ಟ ಹೂವಿಗೆ ಇವತ್ತಿನ ರೇಟು ಯಾರು ಕೊಡ್ತಾರೆ ಮಗಾ?" ಎಂದರಂತೆ. ಅಂದು ರಾತ್ರಿ ಕೂತು ದಿನಾಂಕವೇ ಕೀಲಿಯಾದ, ಅಂದರೆ ದಿನಕ್ಕೊಂದೇ ಸಾಲಿರುವ, ದರದ ಟೇಬಲನ್ನು ಬೇರೆ ಮಾಡಿ, ಹೂ ಕೊಟ್ಟ ದಿನಾಂಕದಿಂದ ಎರಡು ಟೇಬಲನ್ನೂ ಜೋಡಿಸಿದಳು (ಜಾಯಿನ್). ವಿಡಿಯೋ ನೋಡಲಿಲ್ಲ. ನನಗೆ ಫೋನ್ ಮಾಡಿದ್ದು ಬೆಳಿಗ್ಗೆ ಆರಕ್ಕೆ. ಅಷ್ಟು ಹೊತ್ತಿಗೆ ಫೋನ್ ಮಾಡಬಾರದೆಂದು ಹೇಳಬೇಕಿತ್ತು, ಹೇಳಲಿಲ್ಲ.

ಐದು ತಿಂಗಳಾಯಿತು. ಕೆಲಸ ಇನ್ನೂ ಸಿಕ್ಕಿಲ್ಲ. ನಾಲ್ಕನೆಯ ಇಂಟರ್‌ವ್ಯೂ ಕೂಡ ಹೋಯಿತು, ಆದರೆ ಅಲ್ಲಿ ಮುಕ್ಕಾಲು ಗಂಟೆ ಮಲ್ಲಿಗೆಯ ಲೆಕ್ಕವನ್ನೇ ವಿವರಿಸಿದಳಂತೆ. ಮಕ್ಕಳಿಗೆ ಟ್ಯೂಶನ್ ಹೇಳಿ ಗೆಳತಿಯ ಸಾಲ ತೀರಿಸಿದ್ದಾಳೆ. ಬಳೆ ಇನ್ನೂ ಸೊಸೈಟಿಯಲ್ಲೇ ಇದೆ. ಲಾಗಿನ್ ಸೇರಿಸುತ್ತಿದ್ದಾಳೆ, ಪಾಸ್‌ವರ್ಡನ್ನು ಹಾಗೇ ಇಡದೆ ಹ್ಯಾಶ್ ಮಾಡಿ, ಅಂದರೆ ಮತ್ತೆ ಓದಲಾಗದ ಹಾಗೆ ಬದಲಿಸಿ, ಇಡಬೇಕೆಂದು ನಾನು ನೆನಪಿಸುವ ಮೊದಲೇ ಮಾಡಿದ್ದಳು.

ಅಮ್ಮ ನೋಟ್‌ಬುಕ್ ಬಿಟ್ಟಿಲ್ಲ. ಶನಿವಾರ ಸಂಜೆ ಇಬ್ಬರೂ ಎರಡು ಲೆಕ್ಕ ಇಟ್ಟು ತಾಳೆ ನೋಡುತ್ತಾರೆ. ಕಳೆದ ವಾರ ಒಂದು ಚೆಂಡಿನ ವ್ಯತ್ಯಾಸ ಬಂತಂತೆ. ತಪ್ಪು ನೋಟ್‌ಬುಕ್ಕಿನಲ್ಲಿತ್ತು. ಅಮ್ಮ ಇನ್ನೂ ಒಪ್ಪಿಲ್ಲ.